ಊಟದ ಕೋಣೆಗೆ ಆರು ಚೀಲ ಎರೆಮಣ್ಣು

"ತಾಂಡೂರಾಗ ಮನಿ ಕಟ್ಟಿದವರೆಲ್ಲಾ ಊಟದ ಖೋಲಿಗಿ ಟೇಬಲ್ ತರ್ತಾರ. ನಾ ಭೂಮೀನೇ ತರ್ತೀನಿ!"

ನಾನು ಹೀಗೆ ಘೋಷಿಸಿದಾಗ ಎದುರಿಗೆ ನೆರೆದಿದ್ದ ಜನಸಾಗರದಲ್ಲಿ ಒಟ್ಟು ಮೂರು ಮಂದಿ ಇದ್ದರು. ನನ್ನ ಹೆಂಡತಿ ಕೌಶಲ್ಯಾ, ಡಿಗ್ರಿ ಓದುತ್ತಿರುವ ಮಗಳು ನೇಹಾ, ಮತ್ತು ಊಟದ ಮೇಜಿನ ಅಳತೆಗೆಂದು ಬಂದು ಟೇಪನ್ನು ಅರ್ಧ ಎಳೆದು ನಿಂತಿದ್ದ ಬಡಗಿ ಬಾಲರಾಜ. ಚಪ್ಪಾಳೆ ಬೀಳಲಿಲ್ಲ. ಬಾಲರಾಜನ ಟೇಪು ಮಾತ್ರ ಸರ್ರನೆ ತನ್ನ ಡಬ್ಬಿಯೊಳಗೆ ವಾಪಸು ಓಡಿತು.

ಕೌಶಲ್ಯಾಳಿಗೆ ಆ ಮೇಜು ಇಪ್ಪತ್ತೆರಡು ವರ್ಷಗಳ ಕನಸು. ಮದುವೆಯಾದಾಗಿನಿಂದ ಬಾಡಿಗೆ ಮನೆಗಳ ಅಡುಗೆಮನೆಯಲ್ಲಿ, ಒಂದು ಕಣ್ಣು ಒಲೆಯ ಮೇಲಿನ ಹಾಲಿನ ಮೇಲೆ, ಇನ್ನೊಂದು ಕಣ್ಣು ತಟ್ಟೆಯ ಮೇಲೆ ಇಟ್ಟು ಉಂಡವಳು. ಹೋದ ವರ್ಷ ಸ್ವಂತ ಮನೆ ಕಟ್ಟುವಾಗ ಅವಳು ಕೇಳಿದ್ದು ಒಂದೇ: ಉಣ್ಣಲು ಒಂದು ಬೇರೆ ಕೋಣೆ. ಅದರ ಗೋಡೆಗೆ ಕೆನೆಬಣ್ಣದ ಆಯಿಲ್ ಪೇಂಟನ್ನು ತಾನೇ ಮುಂದೆ ನಿಂತು ಹೊಡೆಸಿದ್ದಳು. ಆ ಗೋಡೆ ಎಷ್ಟು ನುಣುಪೆಂದರೆ, ಅದರ ಮೇಲೆ ಕೂತ ನೊಣ ಜಾರಿ ಬಿದ್ದು ಸೊಂಟ ಮುರಿದುಕೊಳ್ಳಬೇಕು!

ನನ್ನ ತಲೆ ಕೆಡಿಸಿದವನು ಅಂಚೆ ಕಚೇರಿಯ ಸಹೋದ್ಯೋಗಿ ಅಮರ್. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದ. ಹೈದರಾಬಾದಿನ ಯಾರದೋ ಬಂಗಲೆ. ಊಟದ ಕೋಣೆಗೆ ಮಣ್ಣಿನ ಗೋಡೆ, ತಗ್ಗಿನ ಕಲ್ಲಿನ ಮೇಜು, ನೆಲಕ್ಕೆ ಚಾಪೆ, ಬುಟ್ಟಿಯೊಳಗೆ ದೀಪ. ಮನೆಯ ಯಜಮಾನ ಕಣ್ಣು ಮುಚ್ಚಿಕೊಂಡು, "ಇಲ್ಲಿ ಕೂತರೆ ನನ್ನ ಬೇರು ನನಗೆ ಸಿಗುತ್ತದೆ" ಎನ್ನುತ್ತಿದ್ದ. ನಾನು ನನ್ನ ಡಬ್ಬಿಯ ತಣ್ಣನೆಯ ಪಲ್ಯ ನೋಡಿದೆ. ಈ ಐವತ್ತೊಂದರ ಪ್ರಾಯದಲ್ಲಿ ನನಗೆ ಸಿಕ್ಕಿದ್ದೆಲ್ಲ ಬೊಜ್ಜು ಮಾತ್ರ. ಬೇರೂ ಒಂದು ಇರಲಿ ಎನಿಸಿತು.

"ಮಣ್ಣಿನ ಮನಿ ಬ್ಯಾಡ, ಸಿಮೆಂಟಿನ ಮನಿ ಕಟ್ಟಾಂವ ಬೇಕಂತ ನಮ್ಮಪ್ಪ ನೌಕರಿದಾಂವನ್ನ ಹುಡುಕಿ ನನ್ನ ಕೊಟ್ಟಾನ," ಎಂದಳು ಕೌಶಲ್ಯಾ. "ನೀವು ಸಿಮೆಂಟಿಗಿ ಮಣ್ಣ ಬಡಿತೀರಿ?"

"ಇದು ನಿಸರ್ಗ, ಕೌಶಲ್ಯಾ! ಸಂಸ್ಕೃತಿ!"

"ನಿಸರ್ಗದಾಗ ಹನ್ನೆರಡು ಮಂದಿ ಬಂದ್ರ ಎಲ್ಲಿ ಕುಂದ್ರಸ್ತೀರಿ?"

"ಹನ್ನೆರಡಲ್ಲ, ಇಪ್ಪತ್ನಾಲ್ಕು ಮಂದೀನ್ನ ಕುಂದ್ರಸ್ತೀನಿ!"

"ಹನ್ನೆರಡೇ ಸಾಕು. ಬಾಲರಾಜ, ನೀನೇ ಸಾಕ್ಷಿ." ಅವಳು ಸೆರಗು ಬಿಗಿದಳು. "ಹನ್ನೆರಡು ಮಂದಿ ಒಂದೇ ಪಂಗತ್ಯಾಗ ಈ ಖೋಲ್ಯಾಗ ಕುಂತು, ಹೊಟ್ಟಿ ತುಂಬ ಉಂಡು ಎದ್ರ, ನಾ ಸಾಯೋತನ ಟೇಬಲ್ ಹೆಸರ ಎತ್ತಂಗಿಲ್ಲ. ಉಣ್ಣದೆ ಎದ್ರ, ನಾ ಹೇಳಿದ್ದೇ ಟೇಬಲ್, ನಾ ಹೇಳಿದ್ದೇ ಬಣ್ಣ. ಬಾಲರಾಜ ಅಳತಿ ತಗೊಂಡು ಹೋಗೋತನ ನೀವು ಬಾಯಿ ತೆರಿಬಾರದು. ಒಂದ ಅಕ್ಷರ!"

"ಕಬೂಲ್!" ಎಂದೆ. ನೇಹಾ ನನ್ನತ್ತ ನೋಡಿದ ನೋಟದಲ್ಲಿ ಮರುಕವಿತ್ತು.

"ಇನ್ನೊಂದು," ಎಂದಳು ಕೌಶಲ್ಯಾ. "ನನ್ನ ಪೇಂಟಿಗಿ ಒಂದ್ ಗೀರು ಬಿದ್ದಿರಬಾರದು."

ಅದಕ್ಕೂ ಕಬೂಲ್ ಎಂದೆ. ದೊಡ್ಡ ಸಂಕಲ್ಪ ಮಾಡಿದವನು ಸಣ್ಣ ಷರತ್ತುಗಳ ಮೇಲೆ ಕಣ್ಣು ಹಾಯಿಸುವುದಿಲ್ಲ. ಆಮೇಲೆ ಹಾಯಿಸುತ್ತಾನೆ.

ಇನ್ನು ಯಾವ ಮಣ್ಣು? ಇಲ್ಲಿ ನಮ್ಮ ಸಂಸಾರದ ಮೂಲ ವ್ಯಾಜ್ಯವನ್ನು ಹೇಳಬೇಕು. ನನ್ನೂರು ನಾರಾಯಣಖೇಡದ ಹತ್ತಿರ, ಕಪ್ಪು ಎರೆಭೂಮಿ. ಅವಳ ತವರು ಜಹೀರಾಬಾದಿನ ಪಕ್ಕ, ಕೆಂಪು ಮಣ್ಣು. ಮದುವೆಯಲ್ಲಿ ನಮ್ಮ ಜಾತಕ ಕೂಡಿತ್ತು, ಮಣ್ಣು ಕೂಡಿರಲಿಲ್ಲ.

"ಹಚ್ಚೋದೇ ಖರೇ ಆದ್ರ ನಮ್ಮೂರ ಕೆಂಪ ತರ್ರಿ. ಹತ್ತಿದ್ರ ಬಿಡಂಗಿಲ್ಲ," ಎಂದಳು.

"ನಿಮ್ಮೂರ ಮಣ್ಣಾಗ ಏನದ? ಶುಂಠಿ, ಆಲೂಗಡ್ಡಿ! ನಮ್ಮದು ಎರಿ! ಒಮ್ಮಿ ಮಳಿ ಕುಡಿದ್ರ ಆರು ತಿಂಗಳು ಬೆಳಿ ಸಾಕತದ!"

"ನಾವೇನು ಗ್ವಾಡಿಗಿ ಬೆಳಿ ಹಚ್ಚಾಕ ಹೊಂಟೀವೇನ್ರಿ?"

ಗೋಡೆಗೆ ಬೆಳೆ ಹಚ್ಚುವ ಈ ಮಾತನ್ನು ನೀವು ದಯವಿಟ್ಟು ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ.

ಮರುದಿನವೇ ರಜೆ ಹಾಕಿ ಊರಿಗೆ ಹೋದೆ. ನಮ್ಮ ಹೊಲವನ್ನು ಪಾಲಿಗೆ ಮಾಡುವ ಶಂಕ್ರೆಪ್ಪ ಆರು ಚೀಲ ಎರೆಮಣ್ಣು ತುಂಬಿಕೊಟ್ಟ. ಮಣ್ಣಿನ ಗಿಲಾವಿಗೆ ಹೊಟ್ಟು ಕಲಸಬೇಕಲ್ಲ? ಹೋದ ಸುಗ್ಗಿಯ ಕಡಲೆ ಹೊಟ್ಟು ಕೊಟ್ಟಿಗೆಯಲ್ಲಿ ಉಳಿದಿತ್ತು, ಅದೂ ಎರಡು ಚೀಲವಾಯಿತು.

"ಜರಾ ತೂರಿ, ಹಸನ ಮಾಡಿ ಕೊಡ್ಲೇನ್ರಿ?" ಎಂದ ಶಂಕ್ರೆಪ್ಪ.

"ಬ್ಯಾಡ! ಇದ್ದದ್ದು ಇದ್ದಂಗೇ ಇರ್ಲಿ. ನ್ಯಾಚುರಲ್!"

ಎಂಟು ಚೀಲಗಳನ್ನು ಬಸ್ಸಿನ ಹಿಂದಿನ ಸೀಟಿನ ಕೆಳಗೆ ತುರುಕಿ ಕೂತೆ. ಕಂಡಕ್ಟರ್ ಬಂದ. ಚೀಲವನ್ನು ಬೂಟಿನಿಂದ ಒತ್ತಿ ನೋಡಿದ.

"ಏನದರಿ ಇದ್ರಾಗ?"

"ಮಣ್ಣು."

"ಮಣ್ಣಾ? ಎಲ್ಲಿತನ?"

"ತಾಂಡೂರು."

ಅವನು ಕಿಟಕಿಯ ಆಚೆ ದಿಗಂತದವರೆಗೆ ಮಲಗಿದ್ದ ಮಣ್ಣನ್ನು ಒಮ್ಮೆ ನೋಡಿ, ನನ್ನನ್ನು ಒಮ್ಮೆ ನೋಡಿದ. "ತಾಂಡೂರಾಗ ಮಣ್ಣು ಖತಂ ಆತೇನ್ರಿ ಸಾಬ್?"

ಇಡೀ ಬಸ್ಸು ನಕ್ಕಿತು. ನನ್ನಜ್ಜನ ಹೊಲದ್ದು ಎಂಬ ಅರ್ಥದಲ್ಲಿ ನಾನು, "ಇದು ನಮ್ಮ ಮುತ್ಯಾನ ಮಣ್ಣು!" ಎಂದೆ. ಪಕ್ಕದವರು ಚೀಲಕ್ಕೆ ತಗುಲಿದ್ದ ಕಾಲನ್ನು ಸರಕ್ಕನೆ ಹಿಂದೆಳೆದುಕೊಂಡರು. ಮುಂದಿನ ಸೀಟಿನ ಅಜ್ಜಿಯೊಬ್ಬಳು ಚೀಲಗಳಿಗೆ ಕೈಮುಗಿದು ಕೇಳಿದಳು: "ಯಾವಾಗ ಹೋದ್ರು ತಮ್ಮಾ?"

ನಾರಾಯಣಖೇಡದಿಂದ ತಾಂಡೂರಿಗೆ ಹೋಗುವವರು ಜಹೀರಾಬಾದಿನಲ್ಲಿ ಬಸ್ಸು ಬದಲಿಸಬೇಕು. ಚೀಲಗಳನ್ನು ಒಂದೊಂದಾಗಿ ಎಳೆದು ಬಸ್ ನಿಲ್ದಾಣದಲ್ಲಿ ಸಾಲಾಗಿ ನಿಲ್ಲಿಸಿ ಬೆವರೊರೆಸಿಕೊಂಡು ತಿರುಗಿದರೆ, ಕಲ್ಲು ಬೆಂಚಿನ ಮೇಲೆ ಬಿಳಿ ರುಮಾಲು ಸುತ್ತಿ ಕುಳಿತಿದ್ದಾರೆ ನನ್ನ ಮಾವ ಮನ್ಮಥಪ್ಪನವರು! ಎಪ್ಪತ್ನಾಲ್ಕು ವರ್ಷದ ರೈತ. ಕೆಂಪು ಮಣ್ಣಿನ ಪಕ್ಷದ ಹಿರಿಯ ಮುಖಂಡರು. ಮದುವೆಯಾದಾಗಿನಿಂದ ಈ ಅಳಿಯನನ್ನು ಅವರು ಒಮ್ಮೆಯೂ ಬೈದಿಲ್ಲ, ಒಮ್ಮೆಯೂ ಹೊಗಳಿಲ್ಲ.

"ಏನ್ ಅಳಿಯಂದ್ರ, ತೊಗರಿ ತಂದೀರೇನು?"

ನಾನು ಉತ್ತರಿಸುವ ಮೊದಲೇ ಒಂದು ಚೀಲದ ಬಾಯಿ ಬಿಚ್ಚಿ, ಹೆಂಟೆ ತೆಗೆದು, ಬೆರಳಿನಲ್ಲಿ ಪುಡಿಮಾಡಿ, ಮೂಸಿ ನೋಡಿದರು. "ಎರಿ," ಎಂದರು, ಡಾಕ್ಟರು ರೋಗದ ಹೆಸರು ಹೇಳಿದ ಧಾಟಿಯಲ್ಲಿ. "ಯಾರ ಹೊಲಕ್ಕ ಹಾಕ್ತೀರಿ?"

"ಹೊಲಕ್ಕಲ್ಲ ಮಾವ. ಊಟದ ಖೋಲಿ ಗ್ವಾಡಿಗಿ."

ಮಾವ ಚೀಲದ ಬಾಯಿಯನ್ನು ಮೊದಲಿಗಿಂತ ಬಿಗಿಯಾಗಿ ಕಟ್ಟಿದರು. ಅದೇ ಅವರ ಬೈಗುಳ. ನಾನು ಬಿಡುತ್ತೇನೆಯೇ?

"ಮಾವ! ಈ ಎಳ್ಳಾಮಾಸಿಗಿ ನೀವೆಲ್ಲಾರೂ ನಮ್ಮನಿಗೇ ಬರಬೇಕು. ಹನ್ನೆರಡು ಮಂದಿ! ಒಬ್ರೂ ಕಮ್ಮಿ ಆಗಬಾರದು!"

"ಎಳ್ಳಾಮಾಸಿಗಿ?" ಅವರ ಹುಬ್ಬು ರುಮಾಲಿನೊಳಗೆ ಹೋಯಿತು. "ಹೊಲ ಬಿಟ್ಟು ಮನ್ಯಾಗ ಉಣ್ಣದೇನ್ರಿ?"

ಅವರು ಗಾಬರಿಯಾಗಿದ್ದು ಸಹಜ. ನಮ್ಮ ಸೀಮೆಯಲ್ಲಿ ಎಳ್ಳಮಾವಾಸ್ಯೆ ಎಂದರೆ ಊರಿಗೆ ಊರೇ ಬೀಗ ಹಾಕಿಕೊಂಡು ಬುಟ್ಟಿ ಹೊತ್ತು ಹೊಲಕ್ಕೆ ಹೋಗುತ್ತದೆ. ನಿಂತ ಬೆಳೆಗೆ ಮೊದಲು ಕಾಳು-ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ, ಅಂಬಲಿ, ರೊಟ್ಟಿಯ ಚರಗ ಚೆಲ್ಲಿ, ಅಂದರೆ ಭೂಮಿತಾಯಿಗೆ ಎಡೆ ಎರಚಿ, ಆಮೇಲೆ ಮನುಷ್ಯರ ಊಟ. ಆ ದಿನ ಛಾವಣಿಯ ಕೆಳಗೆ ಉಣ್ಣುವವನೆಂದರೆ ಕಾಯಿಲೆಯವನು, ಇಲ್ಲವೇ ಜೈಲಿನಲ್ಲಿರುವವನು.

ಆದರೆ ನನ್ನ ನಾಲಿಗೆ ಅಷ್ಟರಲ್ಲಿ ಓಡಿಯಾಗಿತ್ತು. "ಚಿಂತಿ ಬ್ಯಾಡ ಮಾವ! ನಾ ಹೊಲಾನೇ ಮನ್ಯಾಗ ಮಾಡ್ಲಕತ್ತೀನಿ!"

"ಹಂಗಾ?" ಎಂದರು ಮಾವ. "ಹಂಗಾದ್ರ ಬರ್ತೀವಿ. ನೋಡೇ ಬಿಡೋಣು."

ಮನೆಯಲ್ಲಿ ಈ ಸುದ್ದಿ ಕೇಳಿದ ಕೌಶಲ್ಯಾ ನೇರವಾಗಿ ಬಾಲರಾಜನಿಗೆ ಫೋನು ಮಾಡಿ, "ಎಳ್ಳಾಮಾಸಿ ಮರುದಿನ ಖಾಲಿ ಇಟ್ಕೊ" ಎಂದಳು.

ಗಾರೆ ಕೆಲಸಕ್ಕೆ ಕರೆಸಿದ್ದು ಯಾಲಾಲ್ ರಸ್ತೆಯ ತುಳಜಪ್ಪನನ್ನು. ಅವನಿಗೂ ಎರಡೆಕರೆ ಹೊಲವಿದೆ. ಚೀಲ ಬಿಚ್ಚಿದವನೇ ಎರಡು ಹೆಜ್ಜೆ ಹಿಂದೆ ಸರಿದ.

"ಸರ, ಎರಿ ಮಣ್ಣಾ? ಗ್ವಾಡಿಗಾ? ಇದು ಒಣಗಿದ್ರ ಬಾಯಿ ತೆರೀತದ, ತೊಯ್ದ್ರ ಹೊಟ್ಟಿ ಉಬ್ಬಸ್ತದ. ಎರಡೇ ಗುಣ ಇದಕ್ಕ."

"ನಮ್ಮ ಸರದ್ದೂ ಅವೇ ಗುಣ," ಎಂದಳು ಒಳಗಿನಿಂದ ಕೌಶಲ್ಯಾ.

"ಹಚ್ಚು ತುಳಜಪ್ಪ!" ಎಂದೆ ಸೇನಾಪತಿಯಂತೆ. "ಹೆಬ್ಬೆರಳು ದಪ್ಪ ಬರ್ಲಿ!"

"ಹಚ್ತೀನ್ರಿ. ಮೊದಲ ಗ್ವಾಡಿಗಿ ಉಳಿಯಿಂದ ಕಚ್ಚ ಹೊಡಿಬೇಕು. ಈ ಪೇಂಟು ಬಾಳ ನುಣ್ಣಗದ, ಮಣ್ಣ ಹಿಡಿಯಂಗಿಲ್ಲ."

ಬಾಗಿಲಲ್ಲಿ ಕೌಶಲ್ಯಾ ಪ್ರತ್ಯಕ್ಷಳಾದಳು. ಸೊಂಟದ ಮೇಲೆ ಕೈ. ನಾನು ಕಬೂಲ್ ಎಂದದ್ದು ನೆನಪಾಯಿತು. "ಕಚ್ಚ ಬ್ಯಾಡ," ಎಂದೆ ಸಣ್ಣ ದನಿಯಲ್ಲಿ. "ಪ್ರೀತಿಯಿಂದ ಹಚ್ಚು. ಹಿಡೀತದ."

ತುಳಜಪ್ಪ ಕಿಟಕಿಯ ಎದುರಿನ ಗೋಡೆಗೆ ಹಚ್ಚಿದ. ಆರು ಚೀಲ ಆ ಒಂದಕ್ಕೇ ಸರಿಹೋಯಿತು. ಹೋಗುವಾಗ, "ಏನಾದ್ರೂ ಆದ್ರ ಎಳ್ಳಾಮಾಸಿ ದಿನ ನನಗ ಕರೀಬ್ಯಾಡ್ರಿ. ನಾ ಹೊಲದಾಗ ಇರ್ತೀನಿ," ಎಂದು ಎಚ್ಚರಿಸಿದ.

ನಾಲ್ಕು ದಿನ! ಆ ನಾಲ್ಕು ದಿನ ನನ್ನ ಜೀವನದ ಸುವರ್ಣಯುಗ. ಮುತ್ಯಾನ ಕಪ್ಪು ಮಣ್ಣು ಗೋಡೆಯ ಮೇಲೆ ಎಮ್ಮೆಯ ಬೆನ್ನಿನಂತೆ ಮಿರುಗುತ್ತಿತ್ತು. ಊರಲ್ಲಿ ಜನ ಬೇಡವೆಂದು ಬಚ್ಚಲಿಗೆ ಹಾಕುವ ಹಳದಿ ತಾಂಡೂರು ಕಲ್ಲಿನ ದೊಡ್ಡ ಚಪ್ಪಡಿಯೊಂದನ್ನು ತರಿಸಿ, ಗಿಡ್ಡ ಕಲ್ಲುಗಳ ಮೇಲೆ ಕೂರಿಸಿ ಮೇಜು ಮಾಡಿದೆ. ಜೋಳದ ಸಾಣಿಗೆಯನ್ನು ಬೋರಲು ಹಾಕಿ ಅದರೊಳಗೆ ಬಲ್ಬು ಇಳಿಬಿಟ್ಟೆ. ಗೋಡೆಯ ತುಂಬ ಬೆಳಕಿನ ಚುಕ್ಕೆಗಳು. ಅಮರನನ್ನು ಕರೆದು ತೋರಿಸಿದೆ. ಅವನು ಚಾಪೆಯ ಮೇಲೆ ಕೂತು ಕಣ್ಣು ಮುಚ್ಚಿ, "ಬೇರು ಸಿಕ್ಕಂಗಾತು!" ಎಂದ. ಆಮೇಲೆ ಏಳಲಾಗದೆ, "ಕೈ ಕೊಡ್ರಿ" ಎಂದ. ನಾನೂ ಕೂತಿದ್ದೆ. ನೇಹಾ ಬಂದು ಇಬ್ಬರನ್ನೂ ಎಬ್ಬಿಸಿದಳು.

ಐದನೆಯ ದಿನ ಗೋಡೆ ಬಾಯಿ ತೆರೆಯಿತು.

ಮೊದಲು ಕೂದಲೆಳೆಯಷ್ಟು. ಸಂಜೆಗೆ ಬೆರಳಷ್ಟು. ಮರುದಿನ ನೇಹಾ ತನ್ನ ಬಾಚಣಿಗೆಯನ್ನು ಒಂದು ಬಿರುಕಿನಲ್ಲಿ ಸಿಕ್ಕಿಸಿ ಹೋದಳು, ಅದು ಒಳಗೆ ಬಿದ್ದೇಹೋಯಿತು! ಎರಡು ಹಲ್ಲಿಗಳು ಸಂಸಾರ ಸಮೇತ ಅಲ್ಲಿಗೆ ಬಿಡಾರ ಬದಲಿಸಿದವು.

"ಬರ್ರಿ, ನಿಮ್ಮ ಮುತ್ಯಾ ಹಲ್ಲು ಕಿಸಿಲಕತ್ತಾರ," ಎಂದಳು ಕೌಶಲ್ಯಾ.

ತುಳಜಪ್ಪನಿಗೆ ಫೋನು ಮಾಡಿದೆ. "ನೀರ ಕುಡಸ್ರಿ, ಕೂಡ್ಕೋತದ," ಎಂದ. "ಆದ್ರ ಒಮ್ಮಿ ರೂಢಿ ಆತಂದ್ರ ದಿನಾ ಕೇಳ್ತದ್ರಿ."

ಎಳ್ಳಮಾವಾಸ್ಯೆಗೆ ಇನ್ನೂ ಹನ್ನೆರಡು ದಿನ. ಕೈಚೆಲ್ಲುವ ಜಾಯಮಾನ ನನ್ನದಲ್ಲ! ಪರಿಚಯದ ರೈತರೊಬ್ಬರಿಂದ ಬೆಳೆಗೆ ಔಷಧ ಹೊಡೆಯುವ ಪಂಪನ್ನು ತಂದು, ಚೆನ್ನಾಗಿ ತೊಳೆದು, ನೀರು ತುಂಬಿ ಬೆನ್ನಿಗೆ ಕಟ್ಟಿಕೊಂಡೆ. ದಿನಾ ಬೆಳಿಗ್ಗೆ ಕಚೇರಿಗೆ ಹೋಗುವ ಮೊದಲು, ಇಸ್ತ್ರಿ ಶರ್ಟಿನ ಮೇಲೆ ಪಂಪು ಹೊತ್ತು, ಒಂದು ಕೈಯಲ್ಲಿ ಹಿಡಿಕೆ ಒತ್ತುತ್ತಾ, ಇನ್ನೊಂದು ಕೈಯಲ್ಲಿ ಕೊಳವೆ ಬೀಸುತ್ತಾ, ಊಟದ ಕೋಣೆಯಲ್ಲಿ ಅಡ್ಡಡ್ಡ ನಡೆಯುತ್ತಿದ್ದೆ. ಕಿಟಕಿಯಿಂದ ನೋಡಿದ ಪಕ್ಕದ ಮನೆಯಾಕೆ, "ಪೋಸ್ಟಿನ ಸರ ಊಟದ ಖೋಲಿಗಿ ಎಣ್ಣಿ ಹೊಡೀಲಕತ್ತಾರ. ಅಷ್ಟು ಹುಳ ಬಿದ್ದಾವೇನ್ರಿ?" ಎಂದು ಓಣಿಯ ತುಂಬ ಹೇಳಿ ಬಂದಳು.

ಆದರೆ ಗೋಡೆ ಕೂಡಿಕೊಂಡಿತು! ನನ್ನ ಎರೆಮಣ್ಣು ನೀರು ಕುಡಿದು, ಹಲ್ಲು ಮುಚ್ಚಿ, ಮುಗುಳ್ನಗುತ್ತಾ ನಿಂತಿತು. ಕೌಶಲ್ಯಾಳ ಮುಂದೆ ಎದೆಯುಬ್ಬಿಸಿ ಓಡಾಡಿದೆ.

ನೀರು ಹೊಡೆಯತೊಡಗಿದ ಆರನೆಯ ಬೆಳಿಗ್ಗೆ ನೇಹಾ ಕೂಗಿದಳು: "ಅಪ್ಪಾ! ಗ್ವಾಡಿಗಿ ಗಡ್ಡ ಬರ್ಲಕತ್ತದ!"

ಓಡಿ ಹೋಗಿ ನೋಡಿದೆ. ಗೋಡೆಯ ತುಂಬ ಹಸಿರು ಚುಕ್ಕೆಗಳು. ಶಂಕ್ರೆಪ್ಪ ತೂರಿ ಹಸನು ಮಾಡಿಕೊಡುತ್ತೇನೆಂದಿದ್ದ ಆ ಹೊಟ್ಟಿನಲ್ಲಿ ಉಳಿದಿದ್ದ ಕಡಲೆ ಕಾಳುಗಳು, ಎರೆಮಣ್ಣು, ದಿನಾ ಕ್ರಮಬದ್ಧ ನೀರಾವರಿ! ಮೂರು ದಿನಕ್ಕೆ ಅವು ಗೇಣುದ್ದ ಎದ್ದು ಬೆಳಕಿನ ಕಡೆಗೆ ಕತ್ತು ಬಾಗಿಸಿದವು.

ಕೌಶಲ್ಯಾ ಕೈಯಲ್ಲಿ ಸೌಟು ಹಿಡಿದು ಬಹಳ ಹೊತ್ತು ನೋಡಿದಳು. "ಕಡಲಿ," ಎಂದಳು. "ನಾಟಿ ಬರೊಬ್ಬರಿ ಬಂದದ. ಸಾಲು ಮಾತ್ರ ಸೊಟ್ಟ."

"ಜೀವಂತ ಗೋಡೆ!" ಎಂದು ನಾನು ಸಾರಿದೆ. "ಹೈದರಾಬಾದಿನ ಬಂಗಲ್ಯಾಗೂ ಇಲ್ಲ ಇದು!"

ಹೊರಗೆ ಹಾಗೆ ಸಾರಿದೆನೇ ಹೊರತು ಒಳಗಿನ ಲೆಕ್ಕ ಬೇರೆ ಇತ್ತು. ನೀರು ನಿಲ್ಲಿಸಿದರೆ ಗೋಡೆ ಬಾಯಿ ಬಿಡುತ್ತದೆ. ಹೊಡೆದರೆ ಬೆಳೆ ಏಳುತ್ತದೆ. ಮೇಲಾಗಿ ಗೋಡೆಯ ನಡುಭಾಗ ನನ್ನಂತೆಯೇ ಮುಂದಕ್ಕೆ ಬರತೊಡಗಿತ್ತು. ಅಂಗೈಯಿಂದ ಮೆಲ್ಲಗೆ ಒತ್ತಿದೆ. ಅದು ಒಳಗೆ ಹೋಗಿ, ಕೈ ತೆಗೆದೊಡನೆ ಹೊರಗೆ ಬಂತು. ಯಾರಿಗೂ ಹೇಳಲಿಲ್ಲ. ಇನ್ನು ಮೂರೇ ದಿನ. ಹನ್ನೆರಡು ಮಂದಿ ಉಂಡು ಎದ್ದ ಮೇಲೆ ಅದು ಬೇಕಾದರೆ ಹೈದರಾಬಾದಿಗೆ ನಡೆದುಕೊಂಡು ಹೋಗಲಿ!

ಎಳ್ಳಮಾವಾಸ್ಯೆ ಬಂತು. ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ, ಹೊಸ ಗಡಿಗೆಯಲ್ಲಿ ಅಂಬಲಿ. ಕರಾರು ಏನೇ ಇರಲಿ, ಕೌಶಲ್ಯಾ ಅಡುಗೆಯಲ್ಲಿ ಮೋಸ ಮಾಡುವವಳಲ್ಲ. ನಾನು ಬೆಳಿಗ್ಗೆ ಕೊನೆಯ ಸಲ ಪಂಪು ಹೊಡೆದೆ. ಮರ್ಯಾದೆಯ ಪ್ರಶ್ನೆ ನೋಡಿ, ಒಂದು ಡಬ್ಬಿ ಹೆಚ್ಚೇ ಹೊಡೆದೆ.

ಮಧ್ಯಾಹ್ನದ ಹೊತ್ತಿಗೆ ಜೀಪು ಬಂದು ನಿಂತಿತು. ಮಾವ, ಅತ್ತೆ, ಇಬ್ಬರು ಭಾವಮೈದುನರು, ಅವರ ಹೆಂಡಿರು, ಮಕ್ಕಳು. ಇಳಿಯುವಾಗಲೇ ಎಣಿಸಿದೆ. ಬರೊಬ್ಬರಿ ಹನ್ನೆರಡು! ತಮ್ಮ ಹೊಲದಲ್ಲಿ ನಸುಕಿಗೇ ಚರಗ ಚೆಲ್ಲಿ, ಬಾಯಿಗೆ ಹನಿ ನೀರೂ ಹಾಕದೆ ಬಂದಿದ್ದರು. ಹಸಿದ ಹನ್ನೆರಡು ಹೊಟ್ಟೆಗಳು. ಇದಕ್ಕಿಂತ ಶುಭಶಕುನ ಬೇಕೆ?

ಎಲ್ಲರೂ ಚಾಪೆಯ ಮೇಲೆ ಕೂತರು. ಎಲೆ ಹಾಕಿದ್ದಾಯಿತು. ಕೌಶಲ್ಯಾ ರೊಟ್ಟಿಯ ಬುಟ್ಟಿ ಎತ್ತಿ ಅಡುಗೆಮನೆಯ ಹೊಸ್ತಿಲಲ್ಲಿ ನಿಂತಳು. ಇನ್ನೊಂದೇ ನಿಮಿಷ, ಮೇಜಿನ ಹೆಸರು ನನ್ನ ಮನೆಯಿಂದ ಶಾಶ್ವತವಾಗಿ ಅಳಿಸಿಹೋಗಬೇಕು! ಅಷ್ಟರಲ್ಲಿ ಮಾವ ಎದ್ದು ನಿಂತರು.

ಅವರು ನೆಟ್ಟಗೆ ಗೋಡೆಯ ಬಳಿಗೆ ಹೋದರು. ಒಂದು ಎಲೆ ಕಿತ್ತು ಬಾಯಲ್ಲಿಟ್ಟು ಚಪ್ಪರಿಸಿದರು.

"ಹುಳಿ ಬಂದದ," ಎಂದರು. "ನಿಂತ ಬೆಳಿ ಇದು. ತಡಿ ಕೌಶಲ್ಯಾ, ಬಡಸಬ್ಯಾಡ. ಮೊದಲ ಚರಗ ಆಗ್ಲಿ."

ನಾನು ಅಡ್ಡ ಬಂದೆ. "ಮಾವ, ಅದು... ಅದು ಗ್ವಾಡಿ!"

"ಹೊಲಾನೇ ಮನ್ಯಾಗ ಮಾಡೀನಿ ಅಂತ ನೀವೇ ಅಂದಿದ್ರಲ್ಲ ಅಳಿಯಂದ್ರ? ಖರೇ ಮಾಡೀರಿ. ನಾ ಸುಮ್ಕ ಅಂದಾರ ಅಂತ ಮಾಡಿದ್ದೆ." ಇಪ್ಪತ್ತೆರಡು ವರ್ಷಗಳಲ್ಲಿ ಮಾವನ ಬಾಯಿಂದ ನನಗೆ ಸಿಕ್ಕ ಮೊದಲ ಹೊಗಳಿಕೆ! ಅದನ್ನು ಅನುಭವಿಸಲೂ ಪುರಸೊತ್ತಿರಲಿಲ್ಲ.

"ನಿಮ್ಮ ಹೊಲದಾಗ ಮುಂಜಾನಿ ಚೆಲ್ಲಿ ಬಂದೀರಲ್ಲ ಮಾವ! ಎರಡೆರಡು ಸಲ ಯಾಕ?"

"ಅದು ನಮ್ಮ ಬೆಳಿಗಿ. ಇದು ನಿಮ್ಮ ಬೆಳಿ. ಕಣ್ಣಮುಂದ ನಿಂತ ಬೆಳೀನ್ನ ಉಪವಾಸ ಕೆಡವಿ ಎಳ್ಳಾಮಾಸಿ ದಿನ ನಾ ತುತ್ತ ಎತ್ತಂಗಿಲ್ಲ. ಇಷ್ಟ ಇಲ್ಲಂದ್ರ ಹೇಳ್ರಿ, ಎದ್ದು ಹೋಗ್ತೀವಿ."

ಉಣ್ಣದೆ ಎದ್ದರೆ ನಾನು ಸೋತೆ. ಹೊಸ್ತಿಲಲ್ಲಿ ಕೌಶಲ್ಯಾಳ ತುಟಿ ಒಂದು ಬದಿಗೆ ಓರೆಯಾಗಿತ್ತು.

"ಚೆಲ್ಲರಿ ಮಾವ," ಎಂದೆ. "ಆದ್ರ ಮೆಲ್ಲಕ. ಒಂದೇ ಹನಿ. ದೂರಿಂದ. ಉಸುರು ಬಿಡದೆ."

ಚರಗವನ್ನು ಮೆಲ್ಲಗೆ ಚೆಲ್ಲಿದವರು ನಮ್ಮ ಸೀಮೆಯಲ್ಲಿ ಹುಟ್ಟಿಲ್ಲ. ಹೊಲವಾದರೆ ಸುತ್ತು ಹಾಕುತ್ತಾ ಚೆಲ್ಲುತ್ತಾರೆ. ಗೋಡೆಯನ್ನು ಸುತ್ತುವುದು ಹೇಗೆ? ಅದಕ್ಕೇ ಹನ್ನೆರಡು ಮಂದಿಯೂ ಕಲ್ಲಿನ ಮೇಜಿನ ಈಚೆ ಸಾಲಾಗಿ ನಿಂತರು. ಮಾವ ಅಂಬಲಿಯ ಚರಿಗೆ ಎತ್ತಿದರು. ಉಳಿದವರು ಭಜ್ಜಿ ಕಲಸಿದ ರೊಟ್ಟಿಯನ್ನು ಮುಷ್ಟಿಮುಷ್ಟಿ ತುಂಬಿಕೊಂಡರು.

"ಓಲಗ್ಯಾ! ಓಲಗ್ಯಾ!" ಎಂದು ಮಾವ ಚರಗದ ಕೂಗು ಹಾಕಿದರು. ಹೊಲದಲ್ಲಿ ಮೂರು ಹರದಾರಿ ಕೇಳಿಸುವ ಆ ದನಿ ಹತ್ತಡಿ ಕೋಣೆಯಲ್ಲಿ ಮೊಳಗಿತು. ಹನ್ನೊಂದು ಗಂಟಲುಗಳು ಅದಕ್ಕೆ ಓಗೊಟ್ಟವು. ಚರಿಗೆ ತುಂಬ ಅಂಬಲಿ, ಹನ್ನೊಂದು ಮುಷ್ಟಿ ಭಜ್ಜಿ, ಎಲ್ಲ ಏಕಕಾಲಕ್ಕೆ ಗೋಡೆಗೆ!

ಗೋಡೆ ಒಮ್ಮೆ ನಿಟ್ಟುಸಿರು ಬಿಟ್ಟಿತು. ನಿಜವಾಗಿಯೂ ಕೇಳಿಸಿತು, "ಉಸ್ಸ್" ಅಂತ. ಆಮೇಲೆ, ಎಣ್ಣೆ ಸವರಿದ ಹಂಚಿನಿಂದ ದೋಸೆ ಏಳುವಷ್ಟು ಸಲೀಸಾಗಿ, ಆರು ಚೀಲ ಎರೆಮಣ್ಣು, ಎರಡು ಚೀಲ ಹೊಟ್ಟು, ಒಂದು ಬಾಚಣಿಗೆ, ಎರಡು ಹಲ್ಲಿಗಳ ಸಂಸಾರ ಮತ್ತು ಒಂದು ಬೆಳೆ ಕಡಲೆ, ಎಲ್ಲವೂ ಒಂದೇ ತುಂಡಾಗಿ ಜಾರಿ ಕಲ್ಲಿನ ಮೇಜಿನ ಮೇಲೆ ಮಗುಚಿ ಬಿದ್ದವು. ಬಾಳೆಲೆಗಳು ಕೆಳಗೆ ಹೋದವು. ಕೆಸರು ಎಲ್ಲರ ಮೊಳಕಾಲವರೆಗೆ ಹಾರಿತು. ಯಾರಿಗೂ ಏನೂ ಆಗಲಿಲ್ಲ, ನನ್ನೊಬ್ಬನನ್ನು ಬಿಟ್ಟು.

ಹಿಂದೆ ಕೆನೆಬಣ್ಣದ ಆಯಿಲ್ ಪೇಂಟು ಕಂಡಿತು. ಫಳಫಳ! ಒಂದು ಗೀರಿಲ್ಲ!

ಮಾವ ಕೆಸರಿನಿಂದ ಒಂದು ಕಾಲು ಕಿತ್ತರು, ಇನ್ನೊಂದು ಕಾಲು ಕಿತ್ತರು. ಸುತ್ತ ನೋಡಿ ಗಂಭೀರವಾಗಿ ಹೇಳಿದರು: "ಈಗ ಬರೊಬ್ಬರಿ ಹೊಲ ಆತು ನೋಡ್ರಿ ಅಳಿಯಂದ್ರ."

ಅಡುಗೆಮನೆಯ ಹೊಸ್ತಿಲಲ್ಲಿ ಕೌಶಲ್ಯಾ ರೊಟ್ಟಿಯ ಬುಟ್ಟಿಯನ್ನು ಕೆಳಗಿಟ್ಟಳು. ಬಾಗಿಲ ಚೌಕಟ್ಟಿಗೆ ಒರಗಿದಳು. ಸೆರಗನ್ನು ಬಾಯಿಗೆ ತುರುಕಿಕೊಂಡು ಕುಸಿದು ಕೂತಳು. ಅಳುತ್ತಿದ್ದಾಳೆಂದು ನಾನು ಹೆದರಿದೆ. ನಗುತ್ತಿದ್ದಳು. ಕಣ್ಣಲ್ಲಿ ನೀರು ಬರುವಂತೆ, ಪಕ್ಕೆ ಹಿಡಿದುಕೊಂಡು, ಮದುವೆಯಾದ ಹೊಸದರಲ್ಲಿ ನಗುತ್ತಿದ್ದ ಹಾಗೆ ನಗುತ್ತಿದ್ದಳು.

ಅಡುಗೆ ಸುರಕ್ಷಿತವಾಗಿತ್ತು. ಚರಗಕ್ಕೆ ಮೊದಲು ಬಡಿಸಬೇಡ ಎಂದ ಮಾವನ ಹಠವೇ ಅದನ್ನು ಕಾಪಾಡಿತ್ತು. "ಹೊಟ್ಟಿ ಹಸದಾವ. ಈ ಊರಾಗ ನಿಮಗ ಗೊತ್ತಿದ್ದವರ ಹೊಲ ಯಾವುದದ?" ಎಂದು ಅವರೇ ಕೇಳಿದರು. ನನಗೆ ನೆನಪಾದದ್ದು ಒಂದೇ ಹೆಸರು.

ಯಾಲಾಲ್ ರಸ್ತೆಯ ಹೊಲದಲ್ಲಿ ತುಳಜಪ್ಪ ಮನೆಮಂದಿಯೊಂದಿಗೆ ಜೋಳದ ದಂಟಿನ ಗುಡಿಸಲಿನ ಮುಂದೆ ಉಣ್ಣಲು ಕೂತಿದ್ದ. ಜೀಪಿನಿಂದ ಕೆಸರು ಮೆತ್ತಿದ ಹದಿನೈದು ಜನ ಬುಟ್ಟಿ ಹೊತ್ತು ಇಳಿದದ್ದನ್ನು ನೋಡಿ ಎದ್ದು ಬಂದ. ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಬಂದವರನ್ನು ಯಾಕೆ ಬಂದಿರಿ ಎಂದು ಯಾರೂ ಕೇಳುವುದಿಲ್ಲ. ಅವನೂ ಕೇಳಲಿಲ್ಲ. ನನ್ನ ಪ್ಯಾಂಟಿಗೆ ಅಂಟಿದ್ದ ಕಪ್ಪು ಮಣ್ಣನ್ನಷ್ಟೇ ನೋಡಿ, "ಬರ್ರಿ ಸರ, ಬರ್ರಿ. ಇಲ್ಲಿ ಮಣ್ಣ ಕೆಳಗದ, ಬೀಳೋ ಚಿಂತಿಲ್ಲ," ಎಂದ.

ಕೂತೆವು. ಸುತ್ತ ಕಡಲೆ, ಕುಸುಬೆ, ಎಳೆ ಜೋಳ. ಮಾವ ಎರಡು ರೊಟ್ಟಿ ಜಾಸ್ತಿ ಉಂಡರು. ಹನ್ನೆರಡು ಮಂದಿಯೂ ಹೊಟ್ಟೆ ತುಂಬ ಉಂಡದ್ದನ್ನು ಎಣಿಸಿ, ನಾನು ಕೌಶಲ್ಯಾಳ ಹತ್ತಿರ ಸರಿದು ಕೊನೆಯ ವಾದ ಮಂಡಿಸಿದೆ.

"ನೋಡು, ಮಣ್ಣದ. ನಿಸರ್ಗದ. ಹನ್ನೆರಡು ಮಂದಿ ಒಂದೇ ಪಂಗತ್ಯಾಗ ಉಂಡಾರ. ಕರಾರ ಪುರಾ ಆದಂಗೇ ಅಲ್ಲೇನು?"

"ಆತಲ್ಲ," ಎಂದಳು ಅವಳು ನನ್ನ ಎಲೆಗೆ ಹೋಳಿಗೆ ಹಾಕುತ್ತಾ. "ಹಂಗಾದ್ರ ದಿನಾ ಇಲ್ಲೇ ಬಂದು ಉಣ್ರಿ. ಡಬ್ಬಿ ಕಟ್ಟಿ ಕೊಡ್ತೀನಿ."

ಮರುದಿನ ಬೆಳಿಗ್ಗೆ ಎದ್ದು ಆರು ಚೀಲ ಮಣ್ಣನ್ನು ನಾನೊಬ್ಬನೇ ಹಿತ್ತಲಿಗೆ ಹೊತ್ತೆ. ಬಸ್ಸಿನಲ್ಲಿ ಬರುವಾಗ ಅದು ಇಷ್ಟು ಭಾರವಿರಲಿಲ್ಲ. ಕೌಶಲ್ಯಾ ಆ ಮಣ್ಣಿನಲ್ಲಿ ಉಳಿದ ಕಡಲೆ ಸಸಿಗಳನ್ನು ಸಾಲಾಗಿ ನೆಟ್ಟಳು. ತಾಂಡೂರು ಕಲ್ಲಿನ ಮೇಜು ನಲ್ಲಿಯ ಕೆಳಗೆ ಹೋಗಿ ಬಟ್ಟೆ ಒಗೆಯುವ ಬಂಡೆಯಾಯಿತು. ಸಾಣಿಗೆ ಜೋಳಕ್ಕೆ ವಾಪಸಾಯಿತು.

ಹತ್ತು ಗಂಟೆಗೆ ಬಾಲರಾಜ ಬಂದ. ಅದೇ ಟೇಪು. ಈ ಸಲ ಅದು ಕೋಣೆಯ ಈ ಗೋಡೆಯಿಂದ ಆ ಗೋಡೆಯವರೆಗೆ ಪೂರ್ತಿ ಓಡಿತು. ಎಂಟು ಜನರ ಮೇಜು, ಎಂಟು ಕುರ್ಚಿ. ನಾನು ಮೂಲೆಯಲ್ಲಿ ಕರಾರಿನ ಪ್ರಕಾರ ತುಟಿ ಬಿಗಿದು ನಿಂತಿದ್ದೆ.

"ಬಣ್ಣ ಯಾವುದು ಹಚ್ಲಿರಿ ಸರ?" ಎಂದು ಅವನು ರೂಢಿಯಂತೆ ನನ್ನನ್ನೇ ಕೇಳಿದ. ನಾನು ಕೌಶಲ್ಯಾಳ ಕಡೆ ನೋಡಿದೆ.

ಅವಳು ನನ್ನ ಮುಖ ನೋಡಿದಳು. "ಮಣ್ಣಿನ ಬಣ್ಣಾನೇ ಹಚ್ಚು ಬಾಲರಾಜ," ಎಂದಳು. "ಪಾಪ, ಅವರಿಗಿ ಬಾಳ ಆಸಿ ಇತ್ತು."

ನನ್ನ ಕಣ್ಣು ಮಂಜಾಯಿತು. ಇಪ್ಪತ್ತೆರಡು ವರ್ಷದ ಸಂಸಾರ ಅಂದರೆ ಸುಮ್ಮನೆಯೇ! ಸೋತ ಗಂಡನಿಗೂ ಒಂದು ಗೌರವ ಇಟ್ಟಳಲ್ಲ!

ಬಾಲರಾಜ ಕಿವಿಯಿಂದ ಪೆನ್ಸಿಲು ತೆಗೆದು ಬರೆದುಕೊಳ್ಳುತ್ತಾ ಕೇಳಿದ: "ಮಣ್ಣಿನ ಬಣ್ಣ ಅಂದ್ರ... ಎರಿ ಮಣ್ಣಿಂದೇನ್ರಿ ಅಕ್ಕಾ?"

"ಥೂ, ಎರಿ ಅಲ್ಲೋ ಮಾರಾಯಾ!" ಎಂದಳು ಕೌಶಲ್ಯಾ. "ಜಹೀರಾಬಾದ್ ಕೆಂಪು. ಹತ್ತಿದ್ರ ಬಿಡಂಗಿಲ್ಲ."